ಮೂರನೆಯ ಹಾಡಿನ ಗಾಂಧಾರ

ಹತ್ತು ಹಾಡುಗಳ ನನ್ನ ಮೊದಲ ಆಲ್ಬಮ್ ಕಳೆದ ವಾರ ಹೊರಬಂತು. ಬೆನ್ನಿಗೆ ಯಾವ ಕಂಪನಿಯೂ ಇರಲಿಲ್ಲ. ಹಾಗಾಗಿ ಋಣಗಳು ಹೆಚ್ಚು, ಕೆಲವನ್ನಾದರೂ ಹೇಳಿಬಿಡುತ್ತೇನೆ.

ಮೊದಲಿಗೆ ನನ್ನ ಸಂಗೀತದ ಮೇಷ್ಟ್ರಿಗೆ. ಏಳನೆಯ ವಯಸ್ಸಿಗೆ ಅವರೆದುರು ಚಾಪೆಯ ಮೇಲೆ ಕೂತವಳು ಹದಿನಾಲ್ಕು ವರ್ಷ ಏಳಲಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ದಾಟು, ಅಲಂಕಾರ ಎಂಬ ಆರಂಭದ ಸ್ವರಪಾಠಗಳು. ಅಷ್ಟಕ್ಕೇ ಎರಡು ವರ್ಷ. ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ತಪ್ಪಿಲ್ಲದೆ ಬಂದ ಮೇಲಷ್ಟೇ ಗೀತೆ. ವರ್ಣಕ್ಕೆ ಬರುವಷ್ಟರಲ್ಲಿ ಜೊತೆಯವರಲ್ಲಿ ಅರ್ಧ ಜನ ಬಿಟ್ಟುಹೋಗಿದ್ದರು. ನಾನು ಉಳಿದದ್ದು ಶ್ರದ್ಧೆಯಿಂದಲ್ಲ. ತಂಬೂರಿ ಮೀಟುವ ಕೆಲಸ ನನ್ನದಾಗಿತ್ತು, ಅದನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ರಾಕ್ ಬ್ಯಾಂಡ್ ಸೇರುತ್ತೇನೆಂದು ಹೇಳಿದ ದಿನ ಮೇಷ್ಟ್ರು ಬೈಯಲಿಲ್ಲ, ಹರಸಲೂ ಇಲ್ಲ. "ಶ್ರುತಿ ಬಿಡಬೇಡ" ಎಂದಷ್ಟೇ ಹೇಳಿ ಒಳಗೆ ಹೋದರು. ಅದು ಮುನಿಸೆಂದೇ ನಾನು ಬಹಳ ಕಾಲ ತಿಳಿದಿದ್ದೆ.

ಗಿಟಾರ್ ನುಡಿಸುವ ಗೆಳೆಯನಿಗೆ. ರಾಕ್ ಕಲಿಯುವವರು ಮೊದಮೊದಲಿಗೇ ಹಿಡಿಯುವ ಐದು ಸ್ವರಗಳ ಸ್ಕೇಲನ್ನು ಅವನು ನುಡಿಸಿ ತೋರಿಸಿದ. ಸ ಗ ಮ ಪ ನಿ. "ಇದು ಶುದ್ಧ ಧನ್ಯಾಸಿ ರಾಗ" ಎಂದೆ, ಸ್ವಲ್ಪ ಜಂಬದಿಂದಲೇ. "ಇರಬಹುದು. ಆದರೆ ನೀನು ಒಂದೊಂದು ಸ್ವರವನ್ನೂ ತೊಟ್ಟಿಲಿಗೆ ಹಾಕಿ ತೂಗುತ್ತಿದ್ದೀಯ" ಎಂದ. ಸ್ವರವನ್ನು ತೂಗುವ ಗಮಕವಿಲ್ಲದೆ, ಅದನ್ನು ನೇರವಾಗಿ ಇಟ್ಟು ಸುಮ್ಮನಿರುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಇನ್ನೊಂದು ವಿಷಯವನ್ನು ಅವನಿಂದಲೇ ಅರಿತೆ. ಗಿಟಾರಿನ ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದಾಗ ಅವನು ಕಾರ್ಡಿನಿಂದ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛದಿಂದ, ಗಾಂಧಾರವನ್ನು (ಗ) ಕಿತ್ತುಹಾಕುತ್ತಿದ್ದ. ಅದು ಇದ್ದರೆ ಆ ಗದ್ದಲದಲ್ಲಿ ನಾದವೆಲ್ಲ ಕೆಸರಾಗುತ್ತದೆ. ಉಳಿಯುವುದು ಷಡ್ಜ (ಸ), ಪಂಚಮ (ಪ). ಅವರು ಅದನ್ನು ಪವರ್ ಕಾರ್ಡ್ ಎನ್ನುತ್ತಾರೆ. ನಾನು ಬಾಲ್ಯವಿಡೀ ಮೀಟಿದ್ದು ಅದನ್ನೇ!

ಡ್ರಮ್ಸ್ ನುಡಿಸುವವನಿಗೆ ಎರಡು ಕಾರಣಕ್ಕೆ ಕೃತಜ್ಞಳು. ಏಳು ಎಣಿಕೆಯ ಮಿಶ್ರಛಾಪು ತಾಳದ ಹಾಡನ್ನು ಅವನು "ತಕಿಟ ತಕಧಿಮಿ" ಎಂದು ಬಾಯಲ್ಲಿ ಹೇಳಿಕೊಂಡು, ಏಳಕ್ಕೆ ಏಳು ಸರಿಹೋಗುವ ತನಕ ಬಿಡದೆ ಕಲಿತ. ಎರಡನೆಯದು ಸಾಹಿತ್ಯಕ್ಕೆ ಸಂಬಂಧಿಸಿದ್ದು. ಬಾಗಿಲು, ಬೆಳಕು, ನೆರಳು: ನಮ್ಮ ಪದಗಳ ಕೊನೆಗೆ ಒಂದು ಉಕಾರ ತೂಗುತ್ತಿರುತ್ತದೆ. ಎಳೆದು ಹಾಡುವುದಕ್ಕೆ ಅದು ಸುಖ, ಥಟ್ಟನೆ ನಿಲ್ಲಿಸುವುದಕ್ಕೆ ಕಷ್ಟ. ನಾನು ಸಾಲುಗಳನ್ನು ತಿದ್ದಿ ತಿದ್ದಿ ಸೋತಿದ್ದಾಗ ಅವನು, "ಕೊನೆಯನ್ನು ಬಿಡು, ಒತ್ತಕ್ಷರ ಎಲ್ಲಿದೆ ಹೇಳು, ಅಲ್ಲಿ ಹೊಡೆಯುತ್ತೇನೆ" ಎಂದ. ಕತ್ತಲು, ಬೆಟ್ಟ, ಸಿಕ್ಕು. ಅರ್ಧ ಆಲ್ಬಮ್ ಆ ಒಂದು ಮಾತಿನಿಂದ ಬರೆದದ್ದು.

ಹಾಡುಗಳು ಮುಗಿಯುವ ಮೊದಲೇ ನಂಬಿ ಹಣ ಕಳುಹಿಸಿದ ಕೇಳುಗರಿಗೆ, ತಡವಾದರೂ ಒಮ್ಮೆಯೂ ಕೇಳದೆ ಸುಮ್ಮನಿದ್ದುದಕ್ಕೆ, ನಮಸ್ಕಾರ.

ತಡವಾದದ್ದು ಗಂಟಲಿನಿಂದ. ಡ್ರಮ್ಸ್ ಪಕ್ಕದಲ್ಲಿ ನನ್ನ ದನಿ ನನಗೇ ಕೇಳದೆ ಕಿರುಚುತ್ತಿದ್ದೆ. ಧ್ವನಿತಂತುಗಳ ಮೇಲೆ ಗಂಟು ಕಟ್ಟಿತು. ಶಸ್ತ್ರಚಿಕಿತ್ಸೆಗೆ ಮೊದಲು ಅಭ್ಯಾಸ ಮಾಡಿ ನೋಡೋಣ ಎಂದವರು ನನ್ನ ಧ್ವನಿ ಚಿಕಿತ್ಸಕಿ. ಲೋಟದ ನೀರಿಗೆ ಸ್ಟ್ರಾ ಇಳಿಸಿ ಗುಳುಗುಳು ಗುನುಗುವುದು, ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ. ಸರಳೆಯನ್ನೂ ಹಾಗೆಯೇ ಗುಳುಗುಳಿಸಿದೆ. ನಗು ಬರುತ್ತಿತ್ತು, ಕೆಲವು ದಿನ ಅಳುವೂ. ದನಿ ಮರಳಿತು. ಈಗ ನನ್ನ ದನಿ ನನಗೆ ಕೇಳಿಸುವ ಕಿವಿಯೊಳಗಿನ ಮಾನಿಟರ್ ಇಲ್ಲದೆ ವೇದಿಕೆ ಹತ್ತುವುದಿಲ್ಲ. ಅಮ್ಮಾ, ನಿಮ್ಮ ತಾಳ್ಮೆ ದೊಡ್ಡದು.

ಮತ್ತೆ ಮೇಷ್ಟ್ರಿಗೇ ಬರುತ್ತೇನೆ. ಮೊಮ್ಮಗನ ಮೊಬೈಲಿನಲ್ಲಿ ಹತ್ತೂ ಹಾಡು ಕೇಳಿ ಮೊನ್ನೆ ಫೋನ್ ಮಾಡಿದರು. ಚೆನ್ನಾಗಿದೆ ಎನ್ನಲಿಲ್ಲ. "ಮೂರನೆಯ ಹಾಡಿನಲ್ಲಿ, ಚರಣದ ಎರಡನೆಯ ಸಾಲು. ಅಲ್ಲಿ ಗಾಂಧಾರ ಯಾಕಮ್ಮಾ ಜಗಳವಾಡುತ್ತದೆ?" ಎಂದರು.

ಡಿಸ್ಟಾರ್ಷನ್ ಇಲ್ಲದ, ಪೂರ್ತಿ ಕಾರ್ಡ್ ಇರುವ ಒಂದೇ ಹಾಡು ಅದು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಒಂದು ಅಂತರ ಗಾಂಧಾರ ತಾನಾಗಿ ಕೇಳುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಷಡ್ಜದಿಂದ ಅದರ ದೂರ, ಸ್ವರಗಳ ಅಂತರ ಅಳೆಯುವ ಸೆಂಟ್ ಎಂಬ ಮಾನದಲ್ಲಿ, ಸುಮಾರು 386. ಗಿಟಾರಿನ ಮೆಟ್ಟಿಲುಗಳು ಸ್ಥಾಯಿಯನ್ನು 12 ಸಮಭಾಗ ಮಾಡುವುದರಿಂದ ಅದರ ಗಾಂಧಾರ ನಿಲ್ಲುವುದು 400ರಲ್ಲಿ. ನನ್ನ ಗಂಟಲು ಹೋಗಿ ಕೂತದ್ದು ತಂಬೂರಿಯ ಜಾಗದಲ್ಲಿ. ನಾವು ಮೂವರು, ಜೊತೆಗೆ ಮಿಕ್ಸಿಂಗ್ ಮಾಡಿದವರು, ಆ ಸಾಲನ್ನು ನೂರಾರು ಸಲ ಕೇಳಿದ್ದೇವೆ. ಒಬ್ಬರಿಗೂ ತಿಳಿದಿರಲಿಲ್ಲ.

ಅದೇ ರಾತ್ರಿ ಗಿಟಾರಿನವನಿಗೆ ವಿಷಯ ಹೇಳಿದೆ. ಹಾಡು ಹಾಕಿ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕ. ಮುಂದಿನ ಪ್ರದರ್ಶನದಿಂದ ಆ ಸಾಲಿಗೆ ಅವನು ಷಡ್ಜ ಪಂಚಮ ಮಾತ್ರ ನುಡಿಸುತ್ತಾನಂತೆ. ಗಾಂಧಾರ ನನ್ನೊಬ್ಬಳ ಪಾಲಿಗೆ.