ಮಗಳೇ, ಯಾವುದಕ್ಕೆ ಅವಸರ ಮಾಡಬೇಕು ಅಂದರೆ

ಪುಟ್ಟಿ,

ಕುಕ್ಕರಿನ ಹಬೆ ಹೊಡೆದು ಮಣಿಕಟ್ಟು ಸುಟ್ಟಿದ್ದನ್ನು ನಿನ್ನೆ ಒಂದೇ ಮಾತಲ್ಲಿ ಮುಗಿಸಿಬಿಟ್ಟೆ, ಪೇಸ್ಟ್ ಹಚ್ಚಿದ್ದೇನೆ ಬಿಡಮ್ಮ ಅಂತ. ಗ್ಯಾಸ್ಟ್ರಿಕ್ ನೋವಿಗೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದಲ್ಲಿ ಸಿಸ್ಟ್, ಅಂದರೆ ನೀರಿನ ಗುಳ್ಳೆ, ಕಂಡಿದ್ದಕ್ಕೆ ಮಾತ್ರ ಅಷ್ಟೊಂದು ಅತ್ತೆ. ನನಗೆ ಯೋಚನೆ ಹತ್ತಿದ್ದು ನಿನ್ನ ಕೈಯದೇ.

ಸುಟ್ಟ ತಕ್ಷಣ ನಲ್ಲಿ ಕೆಳಗೆ ಕೈ ಹಿಡಿಯಬೇಕು. ಒಂದೆರಡು ನಿಮಿಷ ಅಲ್ಲ, ಪೂರ್ತಿ 20 ನಿಮಿಷ. ಉರಿ ಮೇಲೆ ಕಂಡರೂ ಬಿಸಿ ಚರ್ಮದ ಒಳಗೆ ಇಳಿಯುತ್ತಲೇ ಇರುತ್ತದೆ, ಹರಿಯುವ ನೀರು ಅದನ್ನು ಎಳೆದುಕೊಂಡು ಹೋಗುತ್ತದೆ. ಆಗ ಮರೆತರೆ 3 ಗಂಟೆಯೊಳಗೆ ಹಿಡಿದರೂ ಉಪಯೋಗ ಇದೆ. ಐಸ್ ಬೇಡ, ಅದು ಬೆಂದ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಪೇಸ್ಟ್, ಅರಿಶಿನ, ತುಪ್ಪ, ಕಾಫಿಪುಡಿ ಯಾವುದೂ ಬೇಡ.

ಕಳೆದ ಕೊಯ್ಲಿನಲ್ಲಿ ಅಡಿಕೆ ಬೇಯಿಸುವಾಗ ನಮ್ಮ ಕೆಲಸದಾಕೆಯ ಕೈ ಮೇಲೆ ಹಂಡೆಯ ಚೊಗರು, ಅಂದರೆ ಅಡಿಕೆ ಬೇಯಿಸುವ ಕೆಂಪು ನೀರು, ಚೆಲ್ಲಿತು. ಚೊಗರಿನ ಕೆಂಪು ಯಾವುದು, ಸುಟ್ಟ ಕೆಂಪು ಯಾವುದು ಗೊತ್ತಾಗುತ್ತಿರಲಿಲ್ಲ. ಯಾರೋ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿಕೊಂಡು ಬಂದರು. ನಾನು ಬಿಡಲಿಲ್ಲ, ಅವಳನ್ನು ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ಹತ್ತಿರ ಕೂರಿಸಿ, ಊತ ಬರುವ ಮೊದಲೇ ಬಳೆ, ಉಂಗುರ ತೆಗೆಸಿದೆ. ಊದಿಕೊಂಡ ಮೇಲೆ ಉಂಗುರ ಬರಲ್ಲ, ಬೆರಳಿಗೆ ರಕ್ತ ಹೋಗುವುದೇ ಕಷ್ಟ ಆಗುತ್ತದೆ. ಆಮೇಲೆ ಒಗೆದ ಪಂಚೆ ಸಡಿಲವಾಗಿ ಸುತ್ತಿ ತೀರ್ಥಹಳ್ಳಿಗೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ಕೇಳಿದ್ದೇ ಏನಾದರೂ ಹಚ್ಚಿದ್ದೀರಾ ಅಂತ. ಹಚ್ಚಿದರೆ ಗಾಯ ಎಷ್ಟು ಆಳ ಅಂತ ಕಾಣಲ್ಲ, ತಿಕ್ಕಿ ತೆಗೆಯಬೇಕಾಗುತ್ತದೆ. ಟಿಟಿ ಇಂಜೆಕ್ಷನ್ ಕೊಟ್ಟು ಡ್ರೆಸಿಂಗ್ ಮಾಡಿ ಕಳಿಸಿದರು.

ಈಗ ನೀನು ಮಾಡಬೇಕಾದ್ದು ಇಷ್ಟೇ. ಪೇಸ್ಟನ್ನು ನೀರಲ್ಲಿ ಮೆಲ್ಲಗೆ ತೊಳೆ. ಬೊಬ್ಬೆ ಎದ್ದಿದ್ದರೆ ಒಡೆಯಬೇಡ, ಒಳಗಿನ ಗಾಯಕ್ಕೆ ಅದೇ ಮುಚ್ಚಳ. ಮುಖ, ಕೈ, ಕೀಲು ಸುಟ್ಟರೆ, ಇಲ್ಲಾ ಸುಟ್ಟ ಜಾಗ ನಿನ್ನ ಅಂಗೈಗಿಂತ ದೊಡ್ಡದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ನಿನ್ನದು ಮಣಿಕಟ್ಟು, ಅಂದರೆ ಕೀಲು. ಇವತ್ತೇ ಹೋಗು. ಸುಟ್ಟ ಜಾಗ ಬೆಳ್ಳಗಾಗಿ ನೋವೇ ಇಲ್ಲದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ, ಆಳಕ್ಕೆ ಸುಟ್ಟಿದೆ ಅಂತ ಅರ್ಥ.

ಇನ್ನು ಸಿಸ್ಟ್. ರಿಪೋರ್ಟ್ ಫೋಟೋ ನೋಡಿದೆ. 3 ಸೆಂಟಿಮೀಟರ್, ತೆಳು ಗೋಡೆ, ಒಳಗೆ ಬರೀ ನೀರು, ಸಿಂಪಲ್ ಸಿಸ್ಟ್ ಅಂತ ಬರೆದಿದ್ದಾರೆ. ಪ್ರತಿ ತಿಂಗಳೂ ಅಂಡಾಣು ಬೆಳೆಯುವುದೇ ಒಂದು ನೀರಿನ ಚೀಲದಲ್ಲಿ, ಒಡೆಯುವ ಹೊತ್ತಿಗೆ ಅದು 2 ಸೆಂಟಿಮೀಟರ್ ದಾಟಿರುತ್ತದೆ. ಕೆಲವು ತಿಂಗಳು ಅದು ಒಡೆಯದೆ ಸ್ವಲ್ಪ ದೊಡ್ಡದಾಗಿ ಉಳಿಯುತ್ತದೆ, ಅಷ್ಟೇ. ಮುಟ್ಟಾಗುವ ವಯಸ್ಸಿನಲ್ಲಿ 5 ಸೆಂಟಿಮೀಟರ್ ಒಳಗಿನ ಇಂಥವು ಹೆಚ್ಚಿನವು ಎರಡು ಮೂರು ಮುಟ್ಟಿನಲ್ಲಿ ತಾವೇ ಹೋಗುತ್ತವೆ. ನಿನ್ನ ರೂಮ್‌ಮೇಟ್ ಹೇಳಿದ ಪಿಸಿಓಡಿ ಹಾರ್ಮೋನ್ ಏರುಪೇರಿನ ತೊಂದರೆ, ಅದು ಬೇರೆ, ಇದು ಬೇರೆ. ಅಪ್ಪನಿಗೂ ಪಿತ್ತಕೋಶದ ಕಲ್ಲಿಗೆ ಸ್ಕ್ಯಾನ್ ಮಾಡಿದಾಗ ಕಿಡ್ನಿಯಲ್ಲಿ ಸಿಂಪಲ್ ಸಿಸ್ಟ್ ಸಿಕ್ಕಿತಲ್ವಾ? 50 ದಾಟಿದವರಲ್ಲಿ ಅದು ಎಷ್ಟೋ ಜನಕ್ಕೆ ಇರುತ್ತದೆ. ಡಾಕ್ಟರು ಮುಟ್ಟಲೇ ಇಲ್ಲ. ಅಪ್ಪ ಈಗಲೂ ದಿನಾ ತೋಟ ಸುತ್ತುತ್ತಾರೆ.

ನಿನ್ನ ಡಾಕ್ಟರು ಎರಡು ಮುಟ್ಟು ಕಳೆದು ಬಾ ಅಂದಿದ್ದಾರೆ, ಹಾಗೇ ಮಾಡು. ಮುಟ್ಟಿನ ದಿನಗಳು ಮುಗಿದ ಕೂಡಲೇ ಆ ವಾರದಲ್ಲೇ ಸ್ಕ್ಯಾನ್ ಮಾಡಿಸಿದರೆ ಸರಿಯಾಗಿ ಕಾಣುತ್ತದೆ, ಹಳೆ ರಿಪೋರ್ಟೂ ತಗೊಂಡು ಹೋಗು. ಭಯಕ್ಕೆ ಸುಮ್ನೆ ಇನ್ನೊಂದು ಕಡೆ, ಮತ್ತೊಂದು ಕಡೆ ಸ್ಕ್ಯಾನ್ ಮಾಡಿಸುತ್ತಾ ಹೋಗಬೇಡ. ಆಪರೇಷನ್ ಅಂತ ಯಾರಾದರೂ ಅವಸರ ಮಾಡಿದರೆ, ಯಾಕೆ ಅಂತ ಬಿಡಿಸಿ ಕೇಳು.

ಒಂದಕ್ಕೆ ಮಾತ್ರ ಕಾಯಬೇಡ. ಒಂದೇ ಪಕ್ಕಕ್ಕೆ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ವಾಂತಿ, ತಲೆ ಸುತ್ತಿ ಬೀಳುವುದು ಇದ್ದರೆ ಅಂಡಾಶಯ ತಿರುಚಿಕೊಂಡಿರಬಹುದು. ಕೆಲವೇ ಗಂಟೆಯಲ್ಲಿ ಬಿಡಿಸಬೇಕು. ಮಧ್ಯರಾತ್ರಿ ಆದರೂ ಎಮರ್ಜೆನ್ಸಿಗೆ ಹೋಗು, 108ಕ್ಕೆ ಮಾಡು. ನನಗೆ ದಾರಿಯಲ್ಲಿ ಫೋನ್ ಮಾಡಿದರೆ ಸಾಕು, ಸಿಕ್ಕ ಬಸ್ಸು ಹತ್ತಿ ಬರುತ್ತೇನೆ.

ಅಮ್ಮ