ವಿಜಯಪುರಕ್ಕೆ ಒಂದು ಖಾಯಂ ವಾದ್ಯಮೇಳ ಕೊಡಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ, ವಿಜಯಪುರದ ಒಬ್ಬ ಕೇಳುಗನ ನಮಸ್ಕಾರಗಳು.

ಸಾಹೇಬರೇ, ನನ್ನದು ಒಂದೇ ಬೇಡಿಕೆ. ನಮ್ಮ ಜಿಲ್ಲೆಗೆ ಒಂದು ಖಾಯಂ ವಾದ್ಯಮೇಳ ಬೇಕು. ಉತ್ಸವದ ದಿನ ಕರೆಸಿ, ಶಾಲು ಹೊದಿಸಿ ಕಳಿಸುವ ಮೇಳ ಅಲ್ಲ. ತಿಂಗಳು ತಿಂಗಳು ಪಗಾರ ತಗೊಂಡು, ದಿನಾ ತಾಲೀಮು ಮಾಡುವ ಮೇಳ.

ಇದು ಈ ಊರಿಗೆ ಹೊಸದಲ್ಲ. ಗೋಲ್‌ಗುಂಬಜದ ಮುಂದೆ ನಗಾರಖಾನೆ ಇದೆ. ಈಗ ಅದು ಮ್ಯೂಸಿಯಂ, ಆದರೆ ಕಟ್ಟಿದ್ದು ವಾದ್ಯದವರಿಗಾಗಿ. ನಗಾರಿ, ಶಹನಾಯಿ, ಕಹಳೆ ಎಲ್ಲ ಒಟ್ಟಿಗೆ ನುಡಿಸುವ ನೌಬತ್ತಿನ ಜಾಗ ಅದು. ಅದಕ್ಕೂ ಮೊದಲು, 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಸಂಗೀತಕ್ಕೇ ಅಂತ ಒಂದು ಊರು ಕಟ್ಟಿಸಲು ಹೊರಟಿದ್ದ. 1599ರಲ್ಲಿ ಶುರುವಾದ ಆ ನವರಸಪುರದ ಸಂಗೀತ ಮಹಲು ತೊರವಿಯ ಹತ್ತಿರ ಪಾಳುಬಿದ್ದು ನಿಂತಿದೆ. ಜನ ಅವನನ್ನು ಜಗದ್ಗುರು ಅಂತ ಕರೆದರು. ಅವನು ದಖನಿ ಉರ್ದುವಿನಲ್ಲಿ ಬರೆದ ‘ಕಿತಾಬ್-ಎ-ನವರಸ್’ ರಾಗ ಹೇಳಿ ಹಾಡುವ ಪದಗಳ ಪುಸ್ತಕ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿಯ ಸ್ತುತಿ ಇದೆ. ತನ್ನ ತಂಬೂರಿಗೆ ಅವನು ಮೋತಿಖಾನ್ ಅಂತ ಹೆಸರಿಟ್ಟಿದ್ದ. ವಾದ್ಯಕ್ಕೆ ಹೆಸರಿಟ್ಟು ಕರೆದ ದೊರೆ ಬೇರೆ ಎಲ್ಲಿ ಸಿಗುತ್ತಾನೆ ಹೇಳಿ!

1624ರಲ್ಲಿ ಅಹಮದ್‌ನಗರದ ಸೇನಾಧಿಪತಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಲೂಟಿ ಮಾಡಿತು. ಮೂರು ವರ್ಷಕ್ಕೆ ಇಬ್ರಾಹಿಂ ತೀರಿಕೊಂಡ. 1686ರಲ್ಲಿ ಔರಂಗಜೇಬ ವಿಜಯಪುರವನ್ನೇ ಗೆದ್ದ ಮೇಲೆ ದರಬಾರೂ ಇಲ್ಲವಾಯಿತು. ವಾದ್ಯದವರನ್ನು ಸಾಕುವ ಕೈ ಹೋಯಿತು.

ಮೈಸೂರಿನಲ್ಲಿ ಹೀಗಾಗಲಿಲ್ಲ. ಅಲ್ಲಿನ ಅರಮನೆಯಲ್ಲಿ ನಮ್ಮ ವಾದ್ಯಗಳ ಜೊತೆ ಪಾಶ್ಚಾತ್ಯ ಆರ್ಕೆಸ್ಟ್ರಾನೂ ಇತ್ತು. ಜಯಚಾಮರಾಜ ಒಡೆಯರಂತೂ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಹಣದ ನೆರವು ಕೊಟ್ಟರು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಹಾಡಿದಾಗ ಅದರ ಖರ್ಚಿಗೆ ಬೆನ್ನಿಗೆ ನಿಂತವರೂ ಅವರೇ. ರಾಜರ ಕಾಲ ಮುಗಿದ ಮೇಲೂ ಅರಮನೆ ಬ್ಯಾಂಡಿನ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಉಳಿಯಿತು. ಕರ್ನಾಟಕ ವಾದ್ಯಗಳ ಬ್ಯಾಂಡೂ ಇದೆ, ಇಂಗ್ಲಿಷ್ ಬ್ಯಾಂಡೂ ಇದೆ. ದಸರೆಯಲ್ಲಿ ಇವತ್ತಿಗೂ ನುಡಿಸುತ್ತಾರೆ. ಅವರ ಹೆಸರು ಸರ್ಕಾರದ ಪಗಾರದ ಪಟ್ಟಿಯಲ್ಲಿದೆ, ಅದಕ್ಕೇ ಉಳಿದರು.

ಮಧ್ಯಪ್ರದೇಶದ ಮೈಹರ್ ಇನ್ನೂ ಸಣ್ಣ ಊರು. ಸುಮಾರು 1918ರಲ್ಲಿ ಸಾಂಕ್ರಾಮಿಕ ರೋಗಕ್ಕೆ ಎಷ್ಟೋ ಮಕ್ಕಳು ಅನಾಥರಾದಾಗ, ಉಸ್ತಾದ್ ಅಲ್ಲಾವುದ್ದೀನ್ ಖಾನ್ ಆ ಮಕ್ಕಳನ್ನು ಕೂಡಿಸಿ ವಾದ್ಯ ಕಲಿಸಿ ಮೈಹರ್ ಬ್ಯಾಂಡ್ ಕಟ್ಟಿದರು. ಬಂದೂಕಿನ ನಳಿಗೆ ಕತ್ತರಿಸಿ ‘ನಳತರಂಗ’ ಅನ್ನೋ ವಾದ್ಯವನ್ನೇ ಮಾಡಿದರು. ಆ ಬ್ಯಾಂಡ್ ಈಗಲೂ ಇದೆ, ಸರ್ಕಾರದ ಆಸರೆಯಲ್ಲಿ.

ನಮ್ಮಲ್ಲಿ ಕಲಾವಿದರಿಗೆ ಬರ ಇಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ, ಕರಡಿ ಅನ್ನೋ ಚರ್ಮವಾದ್ಯವನ್ನು ಸನಾದಿಯ (ಶಹನಾಯಿಯ) ಜೊತೆ ನುಡಿಸುವ ಕರಡಿ ಮಜಲಿನವರು ಇನ್ನೂ ಇದ್ದಾರೆ. ಸನಾದಿ ಅಪ್ಪಣ್ಣನವರ ಬೀಳಗಿ ಇಲ್ಲೇ ಪಕ್ಕದಲ್ಲಿದೆ. ಒಮ್ಮೆ ಜಾತ್ರೆಯಲ್ಲಿ ಹತ್ತಿರ ನಿಂತು ನೋಡಿ ಸಾಹೇಬರೇ. ಶ್ರುತಿ ಹಿಡಿದವನು ಗಲ್ಲ ಉಬ್ಬಿಸಿ, ಮೂಗಿನಿಂದ ಉಸಿರು ಎಳೆಯುತ್ತಾ, ಸ್ವರವನ್ನು ಒಂದು ಕ್ಷಣವೂ ಕಡಿಯಲು ಬಿಡುವುದಿಲ್ಲ. ಅದರ ಮೇಲೆ ಸನಾದಿಯವನು ಆಲಾಪ ಎತ್ತುತ್ತಾನೆ. ಕರಡಿ ಬಾರಿಸುವವನು ಅವನ ಕಣ್ಣನ್ನೇ ನೋಡುತ್ತಿರುತ್ತಾನೆ, ಯಾವಾಗ ಲಯ ಏರಿಸಬೇಕು ಅಂತ. ಮುಂದೆ ಕೋಲು ಹಿಡಿದ ಕಂಡಕ್ಟರ್ ಬೇಕಿಲ್ಲ.

ಇವರಲ್ಲಿ ಜಾಸ್ತಿ ಜನರಿಗೆ ಮದುವೆ ಸೀಸನ್ನೇ ವರ್ಷದ ದುಡಿಮೆ. ಅದನ್ನೂ ಈಗ ಡಿಜೆ ಕಿತ್ತುಕೊಂಡಿದೆ. ಸರ್ಕಾರದ ಮಾಸಾಶನ ಇದೆ, ನಿಜ. ಅದು ವಯಸ್ಸಾದ ಮೇಲೆ. ಇಪ್ಪತ್ತೈದರ ಹುಡುಗ ಸನಾದಿ ಬಿಟ್ಟು ಪುಣೆಗೆ ದುಡಿಯಲು ಹೋದರೆ ಅವನದೇನು ತಪ್ಪು? ಮನೆ ನಡೆಯಬೇಕಲ್ವಾ? ನವರಸಪುರ ಉತ್ಸವ ನಡೆದಾಗ ವೇದಿಕೆ ಸಿಗುತ್ತದೆ, ಆದರೆ ಉತ್ಸವ ಮುಗಿದ ಮಾರನೇ ದಿನ ಅವನ ಮನೆಯ ಒಲೆ ಹೊತ್ತಬೇಕು.

ಮೊದಲಿಗೆ ಹದಿನೈದು ಕಲಾವಿದರು ಸಾಕು, ಜೊತೆಗೆ ಕಲಿಯುವ ಐದಾರು ಮಕ್ಕಳು. ಮೈಹರ್‌ನಂತೆ ಮೇಳವೇ ಶಾಲೆಯೂ ಆಗಲಿ. ಹೆಣ್ಣುಮಕ್ಕಳಿಗೂ ಸನಾದಿ ಕಲಿಸಲಿ. ತಾಲೀಮಿಗೆ ಕಂದಗಲ್ ಹನಮಂತರಾಯ ರಂಗಮಂದಿರ ಇದೆ. ಹಳೆಯ ಸನಾದಿಯವರ ಬಾಯಲ್ಲಿರುವ ಚೀಜುಗಳನ್ನೆಲ್ಲ (ರಾಗದ ರಚನೆಗಳನ್ನೆಲ್ಲ) ಮೊದಲ ವರ್ಷವೇ ರೆಕಾರ್ಡ್ ಮಾಡಿಸಿ, ಯಾಕಂದ್ರೆ ಅದಕ್ಕೆ ಜಾಸ್ತಿ ಟೈಮ್ ಇಲ್ಲ.

ಪುರಾತತ್ವ ಇಲಾಖೆಯ ಜೊತೆ ಮಾತಾಡಿ, ವಾರಕ್ಕೊಂದು ಸಂಜೆ ನಗಾರಖಾನೆಯ ಮುಂದೆ ಈ ಮೇಳ ನುಡಿಸಲು ಒಪ್ಪಿಗೆ ಕೊಡಿಸಿ. ಮೈಕ್ ಬೇಡ, ಪೆಂಡಾಲ್ ಬೇಡ. ಒಳಗೆ ಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುವ ಪ್ರವಾಸಿಗರು ಹೊರಗೆ ನಮ್ಮ ಸನಾದಿಯನ್ನೂ ಕೇಳಿ ಹೋಗಲಿ.

ಮುಂದಿನ ಬಜೆಟ್ಟಿಗೆ ಜಿಲ್ಲೆಯ ಪ್ರಸ್ತಾವ ಕಳಿಸುವಾಗ ಇದನ್ನೂ ಸೇರಿಸಿ. ಅದಕ್ಕೂ ಮೊದಲು ಕಲಾವಿದರನ್ನೇ ಕರೆಸಿ ಒಂದು ಸಭೆ ಮಾಡಿ. ಅವರಿಗೆ ಏನು ಬೇಕು ಅಂತ ಅವರೇ ಹೇಳಲಿ.

ಇಂತಿ ನಿಮ್ಮ ವಿಶ್ವಾಸಿ,
ವಿಜಯಪುರದ ಒಬ್ಬ ಸಂಗೀತಪ್ರೇಮಿ