ಹಾಡು ಗೆದ್ದಿತು, ಮೈಕ್ ಕೈಕೊಟ್ಟಿತು

ಮಾನ್ಯ ಸಂಪಾದಕರೇ,

ಕಳೆದ ವಾರ ಮಂಗಳೂರಿನ ಪುರಭವನದಲ್ಲಿ ಹೊಸ ಸಂಗೀತ ನಾಟಕವೊಂದನ್ನು ನೋಡಿದೆ. ಮೀನುಗಾರರ ಮನೆಯ ಕಥೆ. ಕಥೆಯಲ್ಲಿ ಅಂಥ ವಿಶೇಷ ಏನಿಲ್ಲ, ಹಾಡುಗಳಿಗಾಗಿ ಮಾತ್ರ ಇನ್ನೊಮ್ಮೆ ಹೋಗಬಹುದು.

ರೆಕಾರ್ಡ್ ಹಾಕಿ ತುಟಿ ಆಡಿಸುವುದೇ ಜಾಸ್ತಿಯಾಗಿರುವಾಗ ಇಲ್ಲಿ ಹಾರ್ಮೋನಿಯಂ, ಚೆಂಡೆ, ಕೊಳಲು ಎಲ್ಲ ರಂಗದ ಬದಿಯಲ್ಲೇ ಇದ್ದವು. ಬಲೆ ಎಳೆಯುವ ದೃಶ್ಯದಲ್ಲಿ ಒಬ್ಬ ಹುಡುಗ ಹೆಜ್ಜೆ ತಪ್ಪಿದ. ಅವನ ಕಾಲನ್ನೇ ನೋಡುತ್ತಿದ್ದ ಚೆಂಡೆಯವರು ಪಟ್ಟನೆ ಒಂದು ಪೆಟ್ಟು ಹೆಚ್ಚಿಗೆ ಹಾಕಿ, ಏನೂ ಆಗದ ಹಾಗೆ ಅವನನ್ನು ತಾಳಕ್ಕೆ ಎಳೆದುಕೊಂಡರು. ರೆಕಾರ್ಡ್ ಆಗಿದ್ದರೆ ಇದು ಆಗ್ತಿತ್ತಾ?

ಬೇಸರವಾಗಿದ್ದು ಮೈಕಿನಿಂದ. ನಾಯಕಿಯ ಕಾಲರ್ ಮೈಕ್ ಕತ್ತಿನ ಸರಕ್ಕೆ ತಾಗಿ ಕರಕರ ಅನ್ನುತ್ತಿತ್ತು, ಹಾಡಿನ ಅರ್ಧ ಸಾಲು ಅದರಲ್ಲೇ ಹೋಯಿತು. ಯಕ್ಷಗಾನ ನೋಡಿ ಬೆಳೆದ ಊರಿದು, ಹಾಡುವ ಭಾಗವತರು ಒಂದಕ್ಷರ ನುಂಗಿದರೂ ವೇಷ ಕಟ್ಟುವ ಚೌಕಿಗೇ ಹೋಗಿ ಕೇಳುವ ಜನ ನಾವು! ರಂಗಸಂಗೀತಕ್ಕೆ ಹೊಸ ದಾರಿ ಹಾಕಿದ ಬಿ.ವಿ. ಕಾರಂತರು 1929ರಲ್ಲಿ ಹುಟ್ಟಿದ್ದೂ ಇಲ್ಲೇ, ಬಂಟ್ವಾಳದ ಹತ್ತಿರದ ಮಂಚಿಯಲ್ಲಿ. ಹಾಡಿನ ಮಾತು ಪ್ರೇಕ್ಷಕರ ಕಿವಿಗೆ ಮುಟ್ಟಬೇಕು ಅನ್ನುವುದು ಇಲ್ಲಿ ದೊಡ್ಡ ಆಸೆಯೇನಲ್ಲ, ಅಲ್ವಾ?

ಇನ್ನು ನಾಟಕಕ್ಕೆ ಮೊದಲು ಸನ್ಮಾನ, ಭಾಷಣ, ಹಾರ, ಮತ್ತೆ ಭಾಷಣ. ಮಕ್ಕಳು ಸುಮ್ನೆ ಆಕಳಿಸುತ್ತಾ ಕೂತಿದ್ದರು. ಉಡುಪಿಯಲ್ಲೂ ಪ್ರದರ್ಶನ ಇದೆಯಂತೆ. ಅಲ್ಲಾದರೂ ಮೊದಲು ಪರದೆ ಸರಿಸಲಿ, ಶಾಲು ಆಮೇಲೆ ಹೊದಿಸಲಿ.

– ಒಬ್ಬ ಪ್ರೇಕ್ಷಕ, ಮಂಗಳೂರು